ಗೋಡೆಯ ನಾಡಿ ಬಲ್ಲ ಬೀಗದಮ್ಮ

ಬೆಳಗಿನ ಐದೂವರೆ. ಬೀದಿನಾಯಿಗಳೂ ಇನ್ನೂ ಮೈಮುರಿಯುತ್ತಿರುವ ಹೊತ್ತು. ಹಳೆಯ ಪ್ರಾಥಮಿಕ ಶಾಲೆಯ ಮೆಟ್ಟಿಲ ಕೆಳಗೆ ಬೀಗದಮ್ಮ ಟಾರ್ಚ್ ಹಿಡಿದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ. ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಒಂದು ಬಿರುಕು. ಅದರ ಮೇಲೆ ಅಡ್ಡಡ್ಡ ಬೆರಳುದ್ದದ ಗಾರೆ ಪಟ್ಟಿಗಳು. ಒಂದೊಂದರ ಮೇಲೂ ಮೊಳೆಯಿಂದ ಗೀಚಿದ ತಾರೀಖು. “ಇವತ್ತೂ ಗಟ್ಟಿಯಾಗೇ ಇದೆ” ಎಂದು ಗೋಡೆಯನ್ನು ತಟ್ಟಿ, ಪೊರಕೆ ಕೈಗೆತ್ತಿಕೊಳ್ಳುತ್ತಾರೆ.

ಐವತ್ತೊಂಬತ್ತರ ಈ ಶಾಲಾ ಆಯಾಗೆ ಬೀಗದಮ್ಮ ಎಂದು ಹೆಸರಿಟ್ಟವರು ಮಕ್ಕಳು. ಸೊಂಟದಲ್ಲಿ ಹದಿನೇಳು ಕೀಲಿಗಳ ಗೊಂಚಲು. ದಿನಕ್ಕೆ ಹನ್ನೊಂದು ಕೋಣೆ ಗುಡಿಸಬೇಕು, ನಲವತ್ತಾರು ಕಿಟಕಿ ತೆರೆಯಬೇಕು, ಒಂಬತ್ತು ಸಲ ಗಂಟೆ ಹೊಡೆಯಬೇಕು. ಇನ್ನೂರ ಹನ್ನೆರಡು ಮಕ್ಕಳಲ್ಲಿ ಯಾರ ಮೂಗು ಸೋರುತ್ತಿದೆ, ಯಾರು ಹೊಟ್ಟೆನೋವಿನ ನಾಟಕ ಹೂಡಿದ್ದಾರೆ ಎಂಬುದನ್ನೂ ಅವರೇ ನೋಡಿಕೊಳ್ಳಬೇಕು.

ತೊಂಬತ್ತು ವರ್ಷದ ಈ ಕಟ್ಟಡ ಮೊದಲು ಕುದುರೆ ಲಾಯವಾಗಿತ್ತು. ಒಂದನೇ ತರಗತಿಯ ಗೋಡೆಯಲ್ಲಿ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿಗೆ ಮಕ್ಕಳು ಈಗ ಚೀಲ ನೇತುಹಾಕುತ್ತಾರೆ. ಆಮೇಲೆ ಅಂಚೆ ಕಚೇರಿಯಾಯಿತು. ಹೆಡ್‌ಮೇಡಂ ಕೋಣೆಯ ಬಾಗಿಲಲ್ಲಿ ಕಾಗದ ಹಾಕುವ ಕಂಡಿ ಹಾಗೇ ಉಳಿದಿದೆ, ತುಂಟರಿಗೆ ಇಣುಕಲು ಅನುಕೂಲ. “ಮೊದಲು ಕುದುರೆ, ಆಮೇಲೆ ಕಾಗದ, ಈಗ ಮಕ್ಕಳು. ಗಲಾಟೆ ಈಗ್ಲೇ ಜಾಸ್ತಿ” ಎಂದು ಬೀಗದಮ್ಮ ನಗುತ್ತಾರೆ.

ಅವರೂ ಇಲ್ಲೇ ಎರಡನೇ ತರಗತಿವರೆಗೆ ಕಲಿತವರು. ಮನೆಯ ಕಷ್ಟಕ್ಕೆ ಶಾಲೆ ಬಿಟ್ಟು, ಗಾರೆ ಕೆಲಸದ ಅಪ್ಪನ ಹಿಂದೆ ಇಟ್ಟಿಗೆ ಹೊರಲು ಹೋದರು. ಪಟ್ಟಿಯ ವಿದ್ಯೆ ಅಪ್ಪನದೇ: “ಬಿರುಕಿಗೆ ಗಾರೆ ಪಟ್ಟಿ ಹಾಕು ಮಗಳೇ. ಗೋಡೆ ಅಲುಗಿದ್ರೆ ಪಟ್ಟಿ ಸೀಳುತ್ತೆ, ಸುಳ್ಳು ಹೇಳಲ್ಲ.”

ಇಲ್ಲಿ ಆಯಾ ಆದ ವರ್ಷವೇ, ಅಂದರೆ ಇಪ್ಪತ್ತಾರು ವರ್ಷದ ಹಿಂದೆ, ಅವರು ಮೊದಲ ಪಟ್ಟಿ ಹಾಕಿದರು. ಮೂರು ವರ್ಷ ಮಳೆಗಾಲ ಬಂದಾಗಲೆಲ್ಲ ಪಟ್ಟಿ ಸೀಳಿತು. ಹಿತ್ತಲಿಗೆ ಹೋಗಿ ನೋಡಿದರೆ ಸೂರಿನ ಕೊಳವೆ ಒಡೆದು ನೀರೆಲ್ಲ ಬುನಾದಿಗೆ ಇಳಿಯುತ್ತಿತ್ತು. ನಲ್ಲಿ ರಿಪೇರಿ ಮಾಡುವ ಮೈದುನನನ್ನು ಎಳೆದು ತಂದು ಸರಿ ಮಾಡಿಸಿದರು. ಅಲ್ಲಿಂದೀಚೆಗೆ ವರ್ಷಕ್ಕೊಂದರಂತೆ ಹಾಕಿದ ಇಪ್ಪತ್ಮೂರು ಪಟ್ಟಿಗಳಲ್ಲಿ ಒಂದಕ್ಕೂ ಕೂದಲೆಳೆಯಷ್ಟು ಸೀಳಿಲ್ಲ. “ನನಗೆ ಜ್ವರ ಬಂದ್ರೂ ಹಣೆ ಮುಟ್ಟಿ ನೋಡಲ್ಲ, ದಿನಾ ಗೋಡೆ ಮುಟ್ಟಿ ನೋಡ್ತಾಳೆ” ಎಂಬುದು ದರ್ಜಿ ಗಂಡನ ದೂರು.

ಈ ವರ್ಷ ಶಾಲೆಗೆ ಕುತ್ತು ಬಂತು. ತಪಾಸಣೆಗೆ ಬಂದ ಎಂಜಿನಿಯರು ಬಿರುಕನ್ನು ದೂರದಿಂದಲೇ ನೋಡಿ, ಕಟ್ಟಡ ಕೆಡವಬೇಕು, ಮಕ್ಕಳು ಹೆದ್ದಾರಿಯಾಚೆಯ ಶಾಲೆಗೆ ಹೋಗಲಿ ಎಂದುಬಿಟ್ಟರು. ಅದನ್ನು ನೆನೆದರೆ ಬೀಗದಮ್ಮನ ನಗು ಮಾಯ. “ಆ ರಸ್ತೆ ದಾಟೋಕೆ ನನಗೇ ಎದೆ ಢವಢವ ಅನ್ನುತ್ತೆ. ಚಿಳ್ಳೆಪಿಳ್ಳೆಗಳು ಹೇಗೆ ದಾಟ್ತವೆ? ಅರ್ಧ ಮಕ್ಕಳು ಮನೇಲೇ ಉಳ್ಕೊಳ್ತವೆ. ಎರಡನೇ ಕ್ಲಾಸಿಗೆ ಬಿಟ್ಟವಳ ಹೊಟ್ಟೆಯುರಿ ನನಗೆ ಗೊತ್ತು.”

ಅವತ್ತು ಅವರು ಹಿಂದುಮುಂದು ನೋಡದೆ ಎಂಜಿನಿಯರನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ಟಾರ್ಚ್ ಬಿಟ್ಟರು. “ಸಾರ್, ಬಿರುಕು ಹಳೇದು. ಬೆಳೀತಾ ಇಲ್ಲ. ನೀವೇ ಓದಿ.” ಎಂಜಿನಿಯರು ಮಂಡಿಯೂರಿ ಒಂದೊಂದೇ ತಾರೀಖು ಓದಿದರು. ಮರುವಾರ ಯಂತ್ರಗಳನ್ನು ತಂದು ಬುನಾದಿಯನ್ನೆಲ್ಲ ಪರೀಕ್ಷಿಸಿದರು. ಹೊಸ ವರದಿ ಮೊನ್ನೆ ಬಂದಿದೆ: ಕೆಡವಬೇಕಿಲ್ಲ, ದುರಸ್ತಿ ಸಾಕು.

ಸುದ್ದಿ ಹೇಳಲು ಎಂಜಿನಿಯರೇ ಶಾಲೆಗೆ ಬಂದಾಗ ಬೀಗದಮ್ಮ ಈ ವರ್ಷದ ಪಟ್ಟಿ ಮೆತ್ತುತ್ತಿದ್ದರು. ಸಂತೋಷಕ್ಕೆ ಕಣ್ಣು ತುಂಬಿತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗಾರೆ.

“ಅಮ್ಮಾ, ಈ ಸಲದ ತಾರೀಖು ನಾನು ಬರೀಲಾ?” ಎಂದರು ಎಂಜಿನಿಯರು.

ಬೀಗದಮ್ಮ ಸೆರಗಿಗೆ ಒರೆಸಿ ಮೊಳೆ ಕೊಟ್ಟರು. “ಬರೀರಿ ಸಾರ್. ಆದ್ರೆ ದುಂಡಗೆ ಬರೀರಿ, ಮಕ್ಕಳು ನೋಡ್ತಾರೆ.”