ಹರಿಗೋಲಿಗೆ ತೊಗಲು

ನಾನು ಮದುವೆಯಾಗಿ ಬಂದ ಊರು ಕಟ್ಟೆಮಳಲವಾಡಿಗೆ ಹತ್ತಿರ, ಲಕ್ಷ್ಮಣತೀರ್ಥದ ದಡದಲ್ಲಿತ್ತು. ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ ದಾಟಬಹುದಾದ ಹೊಳೆ, ಮಳೆ ಹಿಡಿದ ಮೇಲೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ಹಳೆಯ ಹರಿಗೋಲಿನ ತಳ ಕಿತ್ತುಹೋಗಿ ಇಬ್ಬರು ನೀರುಪಾಲಾಗಿದ್ದರು. ಊರಿಗೆ ಬುದ್ಧಿ ಬಂದದ್ದು ಆಮೇಲೆ.

ಹೊಸ ಹರಿಗೋಲಿನ ಮಾತುಕತೆ ನಡೆದದ್ದು ನಮ್ಮ ಮನೆಯ ಜಗಲಿಯಲ್ಲೇ. ಮಾವನವರು ಊರ ಪಟೇಲರು. ಅರ್ಧ ಖರ್ಚು ಸರ್ಕಾರ ಕೊಡುತ್ತದೆ, ಉಳಿದದ್ದನ್ನು ಊರವರೇ ಹೊಂದಿಸಿಕೊಳ್ಳಿ ಎಂದು ಅಮಲ್ದಾರರು ಹೇಳಿಹೋಗಿದ್ದರು. ಗಂಡಸರ ಸಭೆಗೆ ಮಜ್ಜಿಗೆ ಒದಗಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಆದರೆ ಬಾಗಿಲ ಹಿಂದೆ ನಿಂತವಳ ಕಿವಿಗೆ ಬೀಗ ಹಾಕುವವರು ಯಾರು? ಬಿದಿರಿಗೆ, ಹಗ್ಗಕ್ಕೆ, ಅಂಬಿಗನ ಕೂಲಿಗೆ ಎಲ್ಲಕ್ಕೂ ದಾರಿ ಮಾಡಿದರು. ತಳಕ್ಕೆ ಹೊದಿಸುವ ತೊಗಲಿಗೆ ಮಾತ್ರ ಖರ್ಚೇ ಹಿಡಿಯಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಎರಡು ಕೋಣ ಸತ್ತಿದ್ದವು, ಅವುಗಳ ತೊಗಲು ನನ್ನ ದಾನ ಎಂದು ಮಾವನವರು ಎದೆಯುಬ್ಬಿಸಿ ಹೇಳಿದರು.

ಸತ್ತ ದನದ ತೊಗಲು ಹಿಂದಿನಿಂದಲೂ ಅದನ್ನು ಹೊತ್ತು ಸಾಗಿಸುವ ಕೇರಿಯವರ ಪಾಲು. ಅದರಲ್ಲೇ ಅವರು ಊರಿಗೆಲ್ಲ ಮೆಟ್ಟು ಹೊಲಿದು ಕೊಡಬೇಕು. ದಾನ ಮಾಡಲು ಅದು ನಮ್ಮದಾಗಿರಲೇ ಇಲ್ಲ. ಅಷ್ಟು ಜನ ದೊಡ್ಡವರು ಕೂತು ಅದನ್ನೇ ಮರೆತರು. ಮರೆತರೋ, ನೆನಪು ಮಾಡಿಕೊಳ್ಳುವುದು ಬೇಡವೆಂದರೋ, ನನಗೆ ಇವತ್ತಿಗೂ ಅನುಮಾನವೇ.

ತೊಗಲು ತಂದುಕೊಡೆಂದು ಕೇರಿಯ ಹಿರಿಯನಿಗೆ ಹೇಳಿಕಳಿಸಿದರು. ಅವನು ಬಂದು ಅಂಗಳದಾಚೆ ಬಿಸಿಲಲ್ಲಿ ನಿಂತ.

"ತೊಗ್ಲು ಕೊಡ್ತೀನಿ ಬುದ್ಧಿ, ಕಾಸು ಬ್ಯಾಡ. ನಮ್ಮೋರ್ನೂ ಅದ್ರಲ್ಲಿ ಕೂರುಸ್ಕಂಡು ದಾಟ್ಸಿ. ನನ್ ಮಗ್ಳು ಚೊಚ್ಚಲ ಬಸ್ರಿ, ಒಳೆಯಾಚೆ ಅವ್ಳೆ."

ಅಲ್ಲಿಯವರೆಗೆ ಕೇರಿಯವರು ಹರಿಗೋಲು ಹತ್ತುವಂತಿರಲಿಲ್ಲ. ಹೊಳೆ ತುಂಬಿದರೆ ಹುಣಸೂರಿನ ಸೇತುವೆ ಸುತ್ತಿಕೊಂಡು ಬರಬೇಕಿತ್ತು. ಒಳಗೆ ಅತ್ತೆ, ಹಾಗಾದರೆ ತಾವು ಆ ಹರಿಗೋಲಿಗೆ ಕಾಲೇ ಇಡುವುದಿಲ್ಲವೆಂದು ಗೊಣಗಿದರು. ಕೊನೆಗೆ ಮಾವನವರು ಆಗಲಿ ಎಂದರು. ತೊಗಲು ಬೇಕಿತ್ತಲ್ಲ.

ಹೊಸ ಹರಿಗೋಲು ನೀರಿಗಿಳಿಯಿತು. ಶ್ರಾವಣದಲ್ಲಿ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆಂದು ಅತ್ತೆಯೂ ನಾನೂ ಆಚೆ ದಡಕ್ಕೆ ಹೋಗಿದ್ದೆವು. ಮಳೆ ತಡವಾದ ಆ ವರ್ಷ, ಹೋಗುವಾಗ ಮೊಣಕಾಲುದ್ದವಿದ್ದ ನೀರು ಬರುವ ಹೊತ್ತಿಗೆ ಕೆಂಪಗೆ ಉಕ್ಕುತ್ತಿತ್ತು. ಹಟ ಹಿಡಿದಿದ್ದ ಅತ್ತೆಗೂ ಈಗ ಹರಿಗೋಲೇ ಗತಿ. ದಡದಲ್ಲಿ ಆ ಹಿರಿಯನ ಮಗಳು ಕೆಸರಿನಲ್ಲೇ ಕೂತಿದ್ದಳು. ಹೆರಿಗೆಗೆ ತವರಿಗೆ ಹೊರಟವಳಿಗೆ ದಾರಿಯಲ್ಲೇ ನೋವು ಬಂದಿತ್ತು. ಗಂಡ ಅವಳ ತಲೆಯ ಮೇಲೆ ಕಂಬಳಿ ಹಿಡಿದು ನಿಂತಿದ್ದ. ನಮ್ಮೂರ ಕಡೆಯ ದಡದಲ್ಲಿ ಅವಳಪ್ಪ ಕಾಯುತ್ತಿರುವುದು ಕಾಣುತ್ತಿತ್ತು. ಅಂಬಿಗ ಮೊದಲು ಅಮ್ಮಾವರನ್ನು ಬಿಟ್ಟುಬರುತ್ತೇನೆ, ಆಮೇಲೆ ನೋಡೋಣ ಎಂದ. ನೀರು ಏರುತ್ತಿದ್ದ ರೀತಿಗೆ ಆಮೇಲೆ ಎಂಬುದೇ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತೆ ಹರಿಗೋಲು ಹತ್ತಿ ಕೂತರು. ಕೂತವರು ಆ ಹುಡುಗಿಯನ್ನೇ ನೋಡಿದರು.

"ಬಾರವ್ವ, ಕೂತ್ಕೊ. ತೊಗ್ಲು ನಿಮ್ಮಪ್ಪಂದು, ನಂದೇನೈತೆ?"

ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ಸುತ್ತಿದಾಗ ಹುಡುಗಿ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದಳು. ಅತ್ತೆ ಬಿಡಿಸಿಕೊಳ್ಳಲಿಲ್ಲ. ಅವಳಪ್ಪ ಎದೆಮಟ್ಟದ ನೀರಿಗಿಳಿದು ಹರಿಗೋಲನ್ನು ದಡಕ್ಕೆ ಎಳೆದುಕೊಂಡ.

ಮನೆಗೆ ಬಂದವರೇ ಅತ್ತೆ ತಲೆಗೆ ನೀರು ಹಾಕಲು ಹೇಳಿದರು. ಮೈಲಿಗೆ ಕಳೆಯಬೇಕಲ್ಲ. ನನಗೆ ಅಳುವೇ ಬಂತು. ಹಂಡೆಯ ನೀರು ಸುರಿದೆ.

ಸಂಜೆಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತು. ಅತ್ತೆ ಕೂದಲು ಆರುವ ಮೊದಲೇ ಒರಳಿನ ಮುಂದೆ ಕೂತು ಬಾಣಂತಿ ಖಾರಕ್ಕೆ ಮೆಣಸು, ಶುಂಠಿ ಕುಟ್ಟಿದರು. ಬೆಲ್ಲ, ತುಪ್ಪ ಸೇರಿಸಿ ಉಂಡೆ ಕಟ್ಟಿ, ಕುಡಿಕೆಗೆ ತುಂಬಿ ನನ್ನ ಕೈಗಿಟ್ಟರು.

"ನೀನೇ ಓಗು. ಅವಳ ಕೈಗೇ ಕೊಡು, ಒಸ್ಲಾಚೆ ಮಡಗಿ ಬರ್ಬ್ಯಾಡ."