ಹೊಗೆಗೂಡಿನವಳು ಕಂಡ ಅಂತಸ್ತು

ವಾಲ್ಬುರ್ಗಾ ಪ್ಲಾಂಕ್ ರೇಗನ್ಸ್‌ಬುರ್ಗಿನ ಹಳೆಪೇಟೆಯನ್ನು ಅರಿತದ್ದು ಮಾಡಿನ ಮೇಲಿನಿಂದ. ಅವಳ ಅಪ್ಪ ಹೊಗೆಗೂಡು ಗುಡಿಸುವವನು. ಡ್ಯಾನ್ಯೂಬ್ ದಂಡೆಯಿಂದ ದೊಡ್ಡ ಚರ್ಚಿನ ಬೆನ್ನಿನವರೆಗೆ ಮುನ್ನೂರು ಚಿಲ್ಲರೆ ಮನೆಗಳು ಅವನ ಪಾಲಿನವು. 1969ರಲ್ಲಿ ಅವನ ಮಂಡಿ ಸೋತು ಏಣಿ ಹತ್ತಲಾರದಂತಾದಾಗ, ಕಸುಬಿನ ಪರೀಕ್ಷೆ ಮುಗಿಸಿ ಆರು ವರ್ಷದಿಂದ ಅವನ ಜೊತೆಗೇ ಮಸಿಯಲ್ಲಿ ಮುಳುಗೇಳುತ್ತಿದ್ದ ಮಗಳು ಕೆಲಸವನ್ನು ವಹಿಸಿಕೊಂಡಳು. ಆಗ ಅವಳಿಗೆ ಇಪ್ಪತ್ತೆಂಟು.

ಮೊದಲ ದಿನವೇ ರೊಟ್ಟಿ ಅಂಗಡಿಯ ಲೊರೆಂಟ್ಸ್ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮಪ್ಪಂಗೆ ಗಂಡಸರು ಯಾರೂ ಸಿಗ್ಲಿಲ್ವೇನಮ್ಮ?"

"ಸಿಕ್ಕಿದ್ರು ಲೊರೆಂಟ್ಸ್ ಅವ್ರೇ. ನಿಮ್ಮ ಮಾಡಿನ ಕಿಂಡಿಯಲ್ಲಿ ಅವ್ರ ಹೊಟ್ಟೆ ಹಿಡಿಸ್ಲಿಲ್ಲ."

ಲೊರೆಂಟ್ಸ್ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ದಾರಿ ಬಿಟ್ಟ. ಮುಂದೆ ಮೂವತ್ತೈದು ವರ್ಷ ಆ ಪೇಟೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಆ ಊರಿನ ಮನೆಗಳ ಮುಂಗೋಡೆಗೆ ಪ್ರತಿ ತಲೆಮಾರಿನವರೂ ಹೊಸ ಗಾರೆ, ಹೊಸ ಬಣ್ಣ ಬಳಿಸಿದ್ದರು. ಅಟ್ಟ ಹತ್ತಿ ಬಣ್ಣ ಬಳಿಯುವ ಶ್ರಮವನ್ನು ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ. ಹಾಗಾಗಿ ವಾಲ್ಬುರ್ಗಾ ಕೆಲಸ ಮಾಡುವ ಕಡೆ ಏಳುನೂರು ವರ್ಷದ ತೊಲೆಗಳು ಇದ್ದ ಹಾಗೇ ಇದ್ದವು. ಕಾಲಕ್ಕೊಂದು ಬಗೆಯ ಬಾಚಿಯ ಏಟಿನ ಗುರುತು, ಯಾವ ತೊಲೆ ಯಾವುದಕ್ಕೆ ಕೂಡಬೇಕೆಂದು ಬಡಗಿ ಕೊರೆದ ಗೀಟು, ಎಲ್ಲವನ್ನೂ ಅವಳು ಬೆರಳಿನಿಂದ ಸವರಿ ನೋಡುತ್ತಿದ್ದಳು. ತೋಚಿದ್ದನ್ನು ಜೇಬಿನ ಪುಸ್ತಕದಲ್ಲಿ ಬರೆಯುತ್ತಿದ್ದಳು. ರಜೆಯ ದಿನ ಗ್ರಂಥಾಲಯದಲ್ಲಿ ಕೂತು, ಹಿಂದಿನ ವ್ಯಾಪಾರಿಗಳು ಯಾಕೆ ಅಷ್ಟೆತ್ತರದ ಕಲ್ಲುಗೋಪುರಗಳನ್ನು ಮನೆಗೆ ಸೇರಿಸಿ ಕಟ್ಟಿಸಿಕೊಂಡರು ಎಂದು ಓದುತ್ತಿದ್ದಳು. ಎದುರು ಗೋಪುರದವನಿಗಿಂತ ಒಂದು ಗೇಣು ಮೇಲಿರಬೇಕೆಂಬ ಹಟ ಅಷ್ಟೇ ಎಂದು ಗೊತ್ತಾದಾಗ ಒಬ್ಬಳೇ ನಕ್ಕಳು. ಲೊರೆಂಟ್ಸನ ಪೈಕಿಯವರೇ ಇರಬೇಕು ಎಂದುಕೊಂಡಳು.

ಕಂಚುಗಾರರ ಗಲ್ಲಿಯಲ್ಲಿ ಒಟ್ಮರ್ ಸೈಡಲ್‌ನ ಕೊಡೆ ಅಂಗಡಿ. ಒಟ್ಮರ್ ಅವಳ ಶಾಲೆಯ ಜೊತೆಗಾರ. ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತಿನ ಮನೆ. ಅಟ್ಟಕ್ಕೆ ಮನೆಯೊಳಗಿಂದ ದಾರಿಯಿರಲಿಲ್ಲ; ಹಿಂದಿನ ಅಂಗಳದ ಸುತ್ತುಮೆಟ್ಟಿಲನ್ನೇ ಹತ್ತಬೇಕು. ಹೊಗೆಗೂಡಿಗೆ ಇಳಿಬಿಡುವ ಅವಳ ಹಗ್ಗಕ್ಕೆ ತುದಿಯಲ್ಲಿ ಕಬ್ಬಿಣದ ಗುಂಡು, ಕುಂಚ, ಮೀಟರಿಗೊಂದು ಗಂಟು. ಅಟ್ಟದ ನೆಲದಿಂದ ಅಂಗಡಿಯ ನೆಲಕ್ಕೆ ಹಗ್ಗ ಹನ್ನೆರಡು ಗಂಟು ಇಳಿಯುತ್ತಿತ್ತು. ಮೂರು ಅಂತಸ್ತುಗಳ ಎತ್ತರವನ್ನು, ನಡುವಿನ ಹಲಗೆಯ ದಪ್ಪವನ್ನೂ ಬಿಡದೆ ಕೂಡಿಸಿದರೆ ಒಂಬತ್ತೇ ಮೀಟರ್. ಹಗ್ಗ ಹಿಗ್ಗಿರಬೇಕೆಂದು ಹೊಸತು ತಂದಳು. ಅದೂ ಹನ್ನೆರಡಕ್ಕೇ ನಿಂತಿತು.

ಒಟ್ಮರ್‌ಗೆ ಹೇಳಿದರೆ, "ಶಾಲೇಲೂ ಲೆಕ್ಕದಲ್ಲಿ ನೀನು ಹಿಂದೇನೇ," ಎಂದು ನಗುತ್ತಿದ್ದ.

1977ರ ವಸಂತದಲ್ಲಿ ಅವನು ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟ. ಅವನು ಕರೆಸಿದ್ದ ಇಂಜಿನಿಯರ್, ಇದು ಇನ್ನೂರು ವರ್ಷದ ಸಾಧಾರಣ ಮನೆ, ಉಳಿಸಿಕೊಳ್ಳುವಂಥದ್ದೇನೂ ಇಲ್ಲ ಎಂದು ಬರೆದುಕೊಟ್ಟಿದ್ದ. ಸುದ್ದಿ ತಿಳಿದ ವಾಲ್ಬುರ್ಗಾ ಕೆಲಸದ ಬಟ್ಟೆಯಲ್ಲೇ ಅಂಗಡಿಗೆ ನುಗ್ಗಿದಳು.

"ಒಟ್ಮರ್, ನಿನ್ನ ಮನೇಲಿ ಒಂದು ಅಂತಸ್ತೇ ಕಾಣೆಯಾಗಿದೆ. ಹುಡುಕದೆ ಕೆಡವ್ತೀಯಾ?"

"ಅಂತಸ್ತೇನು ಕೊಡೇನಾ ಮಾರಾಯ್ತಿ, ಎಲ್ಲೋ ಮರೆತು ಬಿಟ್ಟುಬರೋಕೆ?"

"ಮೇಲಿನ ಕೋಣೇಲಿ ಒಲೆ ಪಕ್ಕ ಸೂರಿಗೆ ಒಂದೇ ಒಂದು ತೂತು. ಅಷ್ಟಕ್ಕೆ ಒಪ್ಕೋ."

ಒಟ್ಮರ್ ಕೊಡೆಯೊಂದನ್ನು ಬಿಚ್ಚಿ ಮಡಚುತ್ತ ಯೋಚಿಸಿದ. "ಆಯ್ತು. ಏನೂ ಸಿಗ್ದೆ ಹೋದ್ರೆ ಮನೆ ಕೆಡವೋ ದಿನ ಮೊದಲ್ನೇ ಏಟು ನೀನೇ ಹಾಕ್ಬೇಕು. ಇಡೀ ಗಲ್ಲಿ ನಿಂತು ನೋಡ್ಬೇಕು."

"ಹಾಕ್ತೀನಿ," ಎಂದಳು ವಾಲ್ಬುರ್ಗಾ.

ಅವಳು ನೇರವಾಗಿ ಹೋದದ್ದು ಹಳೆಯ ಕಟ್ಟಡಗಳ ರಕ್ಷಣೆಯ ಕಚೇರಿಗೆ. ಅಲ್ಲಿ ಕೆಲಸಕ್ಕೆ ಸೇರಿ ಮೂರೇ ವಾರವಾಗಿದ್ದ ಡಾಕ್ಟರ್ ರೋಸ್ವಿತಾ ಥಾಲ್ಹೋಫರ್ ಮಸಿ ಮೆತ್ತಿದ ಅವಳ ಜೇಬಿನ ಪುಸ್ತಕವನ್ನು ಪುಟಪುಟವೂ ಬಿಡದೆ ಓದಿ, "ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ಲಾ?" ಎಂದಳು.

ಮರುದಿನ ಬೆಳಿಗ್ಗೆ ಎರಡನೆಯ ಅಂತಸ್ತಿನ ಕೋಣೆಯಲ್ಲಿ ಮೂವರೂ ಸೇರಿದರು. ವಾಲ್ಬುರ್ಗಾ ಏಣಿ ಹತ್ತಿ ಸೂರಿನ ಗಾರೆ ಕೆತ್ತಿದಳು. ಗಾರೆಯ ಹಿಂದೆ ಜೊಂಡು, ಜೊಂಡಿನ ಹಿಂದೆ ತೆಳು ಹಲಗೆ. ಹಲಗೆ ಕಿತ್ತಾಗ ಒಣಹುಲ್ಲು, ಧೂಳು, ಪಾರಿವಾಳದ ಗರಿ ಎಲ್ಲವೂ ಒಟ್ಟಿಗೆ ಅವಳ ಮುಖಕ್ಕೆ ಸುರಿದವು. ಕೆಮ್ಮಿ, ಉಗುಳಿ, ದೀಪ ಹಿಡಿದು ತಲೆ ಒಳಗೆ ತೂರಿಸಿದಳು. ದೀಪವನ್ನು ಮೆಲ್ಲಗೆ ಸುತ್ತಲೂ ತಿರುಗಿಸಿದಳು.

"ಬುರ್ಗಲ್, ಏನಾಯ್ತೇ? ಬದುಕಿದೀಯಾ?" ಒಟ್ಮರ್ ಶಾಲೆಯ ದಿನಗಳ ಅಡ್ಡಹೆಸರಿನಿಂದ ಅವಳನ್ನು ಕೂಗಿ ಏಣಿ ಅಲುಗಿಸಿದ.

"ಅಲ್ಲಾಡಿಸ್ಬೇಡ. ನೋಡ್ತಾ ಇದೀನಿ."

ಅವಳ ತಲೆಯ ಮೇಲೆ ಇನ್ನೂ ಮೂರು ಮೀಟರ್ ಎತ್ತರಕ್ಕೆ ಜಾಗವಿತ್ತು. ಎಡಗಡೆಯ ಕಲ್ಲುಗೋಡೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ನಾಲ್ಕು ಕಿಟಕಿಗಳ ಕಮಾನುಗಳು. ಅವುಗಳ ಮೇಲೆ ತೊಲೆಗಳ ನಿಜವಾದ ಸೂರು. ತೊಲೆತೊಲೆಗೂ ಕೆಮ್ಮಣ್ಣಿನ ಬಣ್ಣದ ಬಳ್ಳಿ, ಬಳ್ಳಿಯ ಸಂದಿನಲ್ಲಿ ನಾಯಿ, ಕೊಕ್ಕರೆ, ಕೊಳಲೂದುವ ಹೆಂಗಸು. ಯಾವನೋ ವ್ಯಾಪಾರಿ ನೆಂಟರಿಗೆ ಔತಣ ಬಡಿಸಿದ ಹಜಾರ ಅದು. ಮುಂದೆ ಬಂದವರು ಅಷ್ಟು ದೊಡ್ಡ ಹಜಾರವನ್ನು ಬೆಚ್ಚಗಿಡಲು ಸೌದೆ ಸಾಲದೆ ಅರ್ಧ ಎತ್ತರಕ್ಕೆ ಸುಳ್ಳುಸೂರು ಕಟ್ಟಿಕೊಂಡಿದ್ದರು. ಹೊರಗಿನಿಂದ ಕಂಡವರು ಆ ಮೇಲರ್ಧವನ್ನು ಅಟ್ಟವೆಂದೇ ತಿಳಿದಿದ್ದರು.

ರೋಸ್ವಿತಾ ಹತ್ತಿ ನೋಡಿ ಇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು, ಧೂಳು ಎಂದಳು. ಆಮೇಲೆ ಒಟ್ಮರ್ ಹತ್ತಿದ. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಕೊನೆಗೆ ಇಳಿದು ಮೂಲೆಯ ಮಂಚದ ಮೇಲೆ ಕುಸಿದು ಕೂತ.

"ನಮ್ಮಜ್ಜ ಇದೇ ಮಂಚದಲ್ಲಿ ಅರವತ್ತು ವರ್ಷ ಅಂಗಾತ ಮಲಗಿ ಸೂರು ನೋಡಿದ್ನಲ್ಲೇ," ಎಂದ. "ಬರೀ ಸುಣ್ಣ ನೋಡ್ಕೊಂಡು ಸತ್ತ."

ತೊಲೆಯ ಮರದಲ್ಲಿ ವರ್ಷಕ್ಕೊಂದರಂತೆ ಬೆಳೆದ ಉಂಗುರಗಳನ್ನು ಎಣಿಸಿದವರು ಮರ ಕಡಿದದ್ದು 1316ರ ಚಳಿಗಾಲದಲ್ಲಿ ಎಂದರು. ಮನೆ ಉಳಿಯಿತು. ಹಾಗೆಂದು ಒಟ್ಮರ್ ಸಂತನಾಗಲಿಲ್ಲ. ದುರಸ್ತಿ ಮುಗಿಯಲು ಏಳು ವರ್ಷ ಹಿಡಿಯಿತು. ಆ ಏಳು ವರ್ಷವೂ ವಾಲ್ಬುರ್ಗಾ ಸಿಕ್ಕಿದಲ್ಲೆಲ್ಲ, "ನೀನೊಬ್ಬಳು ಬಾಯಿ ಮುಚ್ಕೊಂಡಿದ್ರೆ ನಾನೀಗ ಲಿಫ್ಟಿನ ಮನೇಲಿರ್ತಿದ್ದೆ," ಎಂದು ಗೊಣಗಿದ. ಅವಳು, "ಕೊಳಲಿನ ಹೆಂಗಸು ಹೇಗಿದಾಳೆ?" ಎಂದು ಕೇಳಿದರೆ ಸಾಕು, ನಿಂತಲ್ಲೇ ಅರ್ಧ ಗಂಟೆ ಅದನ್ನೇ ವರ್ಣಿಸುತ್ತಿದ್ದ.

ಅಂದಿನಿಂದ ರೋಸ್ವಿತಾ ಪ್ರತಿ ಸೋಮವಾರ ಹಳೆಯ ಕೋಟು ಹಾಕಿಕೊಂಡು ವಾಲ್ಬುರ್ಗಾಳ ಹಿಂದೆ ಅಟ್ಟಗಳನ್ನು ಹತ್ತತೊಡಗಿದಳು. ಆ ಮಸಿಪುಸ್ತಕದ ಗುರುತುಗಳನ್ನು ಹಿಡಿದು ಅವರಿಬ್ಬರೂ ನಲವತ್ತೊಂದು ಮನೆಗಳ ನಿಜವಾದ ವಯಸ್ಸು ಕಂಡುಹಿಡಿದರು. ಒಮ್ಮೆ ವಿಶ್ವವಿದ್ಯಾಲಯದಿಂದ ಬಂದ ಪ್ರಾಧ್ಯಾಪಕರೊಬ್ಬರು, ನೋಡಿದ ಕೂಡಲೇ ತೊಲೆಯ ಕಾಲ ಹೇಗೆ ಹೇಳುತ್ತೀರಿ ಎಂದು ಕೇಳಿದರು.

"ನೋಡಿದ್ರೆ ನಂಗೂ ಗೊತ್ತಾಗಲ್ಲ ಸ್ವಾಮಿ," ಎಂದಳು ವಾಲ್ಬುರ್ಗಾ. "ಕೈಗವಸು ತೆಗೀರಿ."

ಪ್ರಾಧ್ಯಾಪಕರು ಕೈಗವಸು ತೆಗೆದರು. ಅವಳು ಅವರ ಕೈ ಹಿಡಿದು ತೊಲೆಯ ಮೇಲಿಟ್ಟು, ಬಾಚಿ ಬಿದ್ದ ತಗ್ಗುಗಳ ಮೇಲೆ ಮೆಲ್ಲಗೆ ಸರಿಸಿದಳು. ಆ ದಿನ ಇನ್ನೂ ಒಂಬತ್ತು ಹೊಗೆಗೂಡು ಬಾಕಿಯಿತ್ತು. ಅವರನ್ನು ಅಲ್ಲೇ ಬಿಟ್ಟು, ಏಣಿ ಹೆಗಲಿಗೇರಿಸಿ ಪಕ್ಕದ ಮಾಡಿಗೆ ದಾಟಿದಳು.