ಜಾಲಹಳ್ಳಿಯ ‘ಪ್ಲಾಸ್ಟಿಕ್ ಅಕ್ಕಿ’ ಮತ್ತು ನಮ್ಮ ಪತ್ರಿಕೆ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷ ನಾನು ರಾಯಚೂರಿನ ಒಂದು ಕನ್ನಡ ದಿನಪತ್ರಿಕೆಯ ಸುದ್ದಿ ಸಂಪಾದಕನಾಗಿದ್ದೆ. ಓದುಗರು ಪತ್ರಿಕೆ ಬಿಟ್ಟು ಫೋನಿನ ಬೆನ್ನು ಹತ್ತಿದ್ದರು. ಅವರ ಹಿಂದೆಯೇ ನಮ್ಮ ಮಾಲೀಕರೂ ಓಡಿದರು. ತಾಲ್ಲೂಕು ವರದಿಗಾರರ ಪೆಟ್ರೋಲ್ ಭತ್ಯೆ ನಿಲ್ಲಿಸಿ, ಸುದ್ದಿಮನೆಯ ಗೋಡೆಗೆ ದೊಡ್ಡ ಪರದೆಯೊಂದನ್ನು ಹಾಕಿಸಿದರು. ಯಾವ ಸುದ್ದಿಯನ್ನು ಎಷ್ಟು ಜನ ನೋಡುತ್ತಿದ್ದಾರೆಂದು ಅದು ಸದಾ ತೋರಿಸುತ್ತಿತ್ತು. ಅದರ ಉಸ್ತುವಾರಿಗೆ ಬೆಂಗಳೂರಿನಿಂದ ನಿರಂಜನ್ ಎಂಬ ‘ಡಿಜಿಟಲ್ ಹೆಡ್’ ಬಂದ. ದೇವದುರ್ಗ ಯಾವ ದಿಕ್ಕಿಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ದರ್ದೂ ಇರಲಿಲ್ಲ.

ಒಂದು ಮಧ್ಯಾಹ್ನ ವಾಟ್ಸ್ಯಾಪ್‌ನಲ್ಲಿ ವಿಡಿಯೊ ಬಂತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಶಾಲೆಯೊಂದರ ಬಿಸಿಯೂಟದ ಅಡುಗೆಕೋಣೆ. ನೀರಿನ ಪಾತ್ರೆಯಲ್ಲಿ ಕೆಲವು ಅಕ್ಕಿಕಾಳು ತೇಲುತ್ತಿವೆ. ‘ಮಕ್ಕಳಿಗೆ ಪ್ಲಾಸ್ಟಿಕ್ ಅಕ್ಕಿ’ ಎಂದು ಯಾರೋ ಕೂಗುತ್ತಿದ್ದಾನೆ. ಅಡುಗೆಯಾಕೆ ಏನೂ ತೋಚದೆ ನಿಂತಿದ್ದಾಳೆ. ಮುಖ ಸ್ಪಷ್ಟವಾಗಿ ಕಾಣುತ್ತದೆ.

ದೇವದುರ್ಗದ ನಮ್ಮ ವರದಿಗಾರ ಮಹೆಬೂಬ್ ಹೋಗಿ ನೋಡಿಬರಲಿ ಎಂದೆ.

“ಅವರು ಹೋಗಿ ಬರೋಷ್ಟರಲ್ಲಿ ಯೂಟ್ಯೂಬ್‌ನವರು ಹಾಕಿಬಿಟ್ಟಿರ್ತಾರೆ ಸರ್,” ಎಂದ ನಿರಂಜನ್. “ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಹಾಕೋಣ. ನಾವು ಹೇಳ್ತಿಲ್ಲ, ಕೇಳ್ತಿದ್ದೀವಿ ಅಷ್ಟೇ.”

ಮಾಲೀಕರು ಅವನ ಮಾತಿಗೆ ತಲೆಯಾಡಿಸಿದರು. ‘ಮಕ್ಕಳ ತಟ್ಟೆಗೆ ಪ್ಲಾಸ್ಟಿಕ್ ಅಕ್ಕಿ?’ ಎಂಬ ಶೀರ್ಷಿಕೆಯಡಿ ವಿಡಿಯೊ ನಮ್ಮ ಆ್ಯಪ್ ಸೇರಿತು.

ನಾನು ಮಾನ್ವಿಯ ಪರಿಚಯದ ರೈಸ್ ಮಿಲ್ ಮಾಲೀಕರಿಗೆ ಫೋನ್ ಮಾಡಿದೆ.

“ಅದು ಪ್ಲಾಸ್ಟಿಕ್ ಅಲ್ರೀ. ಸರ್ಕಾರದವ್ರು ಹೇಳಿದ ಕಾಳು ಅದ. ನೂರಕ್ಕ ಒಂದು ನಾವ ಬೆರಸ್ತೀವಿ,” ಎಂದರು.

ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ವಿಟಮಿನ್ ಸೇರಿಸಿ ಕಾಳಿನ ಆಕಾರಕ್ಕೆ ತಂದದ್ದೇ ಆ ಕಾಳು; ಅದು ಬೆರೆತದ್ದು ಸಾರವರ್ಧಿತ ಅಕ್ಕಿ. ಹಗುರವಾದ್ದರಿಂದ ಅಂಥ ಕೆಲವು ಕಾಳು ನೀರಲ್ಲಿ ತೇಲುತ್ತವೆ. ಇಷ್ಟು ತಿಳಿಯಲು ಒಂದು ಕರೆ ಸಾಕಾಗಿತ್ತು. ನಿರಂಜನನಿಗೆ ಹೇಳಿದೆ. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. “ಈಗ ತೆಗೆದ್ರೆ ರೀಚ್ ಬಿದ್ದೋಗುತ್ತೆ ಸರ್.” ರೀಚ್ ಎಂದರೆ ಸುದ್ದಿ ಎಷ್ಟು ಜನರನ್ನು ತಲುಪಿತೆಂಬ ಲೆಕ್ಕ. ಸುಳ್ಳು ಎಷ್ಟು ಜನರನ್ನು ತಲುಪಿತೆಂದೂ ಅದೇ ಲೆಕ್ಕ ಹೇಳುತ್ತದೆ. ಆ ಮನುಷ್ಯನಿಗೆ ಎರಡೂ ಒಂದೇ.

ಮರುದಿನ ಮಹೆಬೂಬ್ ಸ್ವಂತ ಖರ್ಚಿನಲ್ಲಿ ಜಾಲಹಳ್ಳಿಗೆ ಹೋಗಿ ಫೋನ್ ಮಾಡಿದ. “ಹುಡುಗ್ರು ಊಟಕ್ಕ ಕುಂದ್ರವಲ್ರು ಸರ್. ಅಡಗಿ ಶರಣಮ್ಮನ್ನ ಕೆಲಸದಿಂದ ತೆಗದಾರ. ಮಂದಿ ಆಕಿ ಮನಿ ಮುಂದ ನಿಂತು ಬೈಯಾಕತ್ತಾರ. ನಿನ್ನಿ ತನಕ ಆ ವಿಡಿಯೊ ಯಾರೂ ನಂಬಿದ್ದಿಲ್ಲ. ಪೇಪರ್‌ನವ್ರು ಹಾಕ್ಯಾರ ಅಂದಮ್ಯಾಲ ನಂಬ್ಯಾರ.”

ಅಧಿಕಾರಿಗಳು ಪಾಲಕರೆದುರೇ ಅಕ್ಕಿ ಪರೀಕ್ಷಿಸಿ, ಒಳ್ಳೆಯದೆಂದು ಸಾರಿದರು. ಆಗ ನಮ್ಮಲ್ಲಿ ಬಂದ ಶೀರ್ಷಿಕೆ: ‘ಪತ್ರಿಕೆ ವರದಿ ಫಲಶ್ರುತಿ: ಬಿಸಿಯೂಟದ ಅಕ್ಕಿ ಪರೀಕ್ಷೆ’. ಮನೆಗೆ ಬೆಂಕಿ ಇಟ್ಟವನೇ ನೀರು ತಂದವನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡಂತಿತ್ತು. ಮಾಲೀಕರು ಎಲ್ಲರಿಗೂ ಸಿಹಿ ಹಂಚಿದರು. ನಾನು ಮುಟ್ಟಲಿಲ್ಲ. ತಪ್ಪೊಪ್ಪಿಗೆ ಹಾಕದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದೆ. ಗೊಣಗುತ್ತಾ ಒಪ್ಪಿದರು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಅಚ್ಚಾಯಿತು. ಆ್ಯಪ್‌ನಲ್ಲಿ ಹಾಕುವುದಿಲ್ಲವಂತೆ, ‘ಬ್ರ್ಯಾಂಡ್’ ಕೆಡುತ್ತದಂತೆ.

ಆ ಪುಟ ಹಿಡಿದು ಮಹೆಬೂಬ್‌ನೊಂದಿಗೆ ಜಾಲಹಳ್ಳಿಗೆ ಹೋದೆ. ಶರಣಮ್ಮನಿಗೆ ಕೆಲಸ ಮರಳಿ ಸಿಕ್ಕಿತ್ತು. ಆದರೂ ಕೆಲವು ತಾಯಂದಿರು ಮಕ್ಕಳಿಗೆ ಮನೆಯಿಂದಲೇ ಬುತ್ತಿ ಕಟ್ಟುತ್ತಿದ್ದರು. ಆ ನಾಲ್ಕು ಸಾಲನ್ನು ಆಕೆಗೆ ಓದಿ ಹೇಳಿದೆ.

“ನನ್ನ ಮಾರಿ ಫೋನ್‌ನಾಗ ತೋರ್ಸಿದ್ರಿ. ತಪ್ಪಾತಂತ ಪೇಪರ್‌ನಾಗ ಹೇಳಾಕತ್ತೀರಿ. ಇದನ್ನ ಯಾರು ಓದ್ತಾರ್ರೀ ಯಪ್ಪಾ?”

ಮಹೆಬೂಬ್‌ಗೆ ಫೋನ್ ತೆಗೆಯಲು ಹೇಳಿದೆ. ಆಕೆಯ ಅಡುಗೆಕೋಣೆಯಲ್ಲೇ ನಿಂತು, ಅಕ್ಕಿ ಒಳ್ಳೆಯದು, ವಿಚಾರಿಸದೆ ಹಾಕಿದ್ದು ನಮ್ಮ ಪತ್ರಿಕೆಯ ತಪ್ಪು ಎಂದು ಹೇಳಿದೆ. ಮಹೆಬೂಬ್ ಅದನ್ನು ಚಿತ್ರೀಕರಿಸಿ ತಾಲ್ಲೂಕಿನ ತನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದ. ಆ ವಾರವೇ ಇಬ್ಬರನ್ನೂ ಕೆಲಸದಿಂದ ತೆಗೆದರು. “ಪತ್ರಿಕಿ ಮಾನ ಕಳದ್ರಿ,” ಎಂದರು ಮಾಲೀಕರು. ಬುತ್ತಿ ಕಟ್ಟುವುದು ನಿಂತಿತೆಂದು ಶರಣಮ್ಮ ಮಹೆಬೂಬ್‌ಗೆ ತಿಳಿಸಿದಳು.

ಡಿಜಿಟಲ್ ಯುಗ ಪತ್ರಿಕೆಗಳನ್ನು ಕೊಂದಿತೆಂದು ಪತ್ರಿಕಾ ಮಾಲೀಕರು ವೇದಿಕೆಗಳಲ್ಲಿ ಮರುಗುವುದನ್ನು ಈಗಲೂ ಕೇಳುತ್ತೇನೆ. ಹೇಸಿಗೆಯಾಗುತ್ತದೆ. ಫೋನು ಅವರ ಜಾಹೀರಾತನ್ನು ಕಸಿದಿರಬಹುದು. ಜನರ ನಂಬಿಕೆಯನ್ನು ಅವರೇ ಕೈಯಾರೆ ಮಾರಿಕೊಂಡರು. ಹೋಗಿ ನೋಡದೆ ಬರೆಯುವವನಿಗೆ ಕಾಗದವಾದರೇನು, ಫೋನಾದರೇನು.